ಗಿರಣಿಯ ಸದ್ದಿನಿಂದ ಶುರು ಮಾಡಿ

ಮಿನಿಮಲಿಸ್ಟ್ ಪಿಯಾನೊದಲ್ಲಿ, ಅಂದರೆ ಕೆಲವೇ ಸ್ವರಗಳಿಂದ ಕಟ್ಟಿದ ಪಿಯಾನೊ ಸಂಗೀತದಲ್ಲಿ, ಒಂದೇ ತುಣುಕು ಮತ್ತೆ ಮತ್ತೆ ಬರುತ್ತದಲ್ಲ, ಅದರಲ್ಲಿ ಅಮೆರಿಕದ ಇತಿಹಾಸ ಎಲ್ಲಿದೆ ಎಂದು ಕೇಳಿದ್ದೀರಿ. ಕೆಲವು ಕೃತಿಗಳಲ್ಲಿ ಆ ಮತ್ತೆ ಮತ್ತೆ ಬರುವುದೇ ಇತಿಹಾಸ.

ಮೊದಲು ಅಮೆರಿಕದ ಸಂಗೀತಕಾರ ಫ್ರೆಡೆರಿಕ್ ಜೆಫ್ಸ್ಕಿಯವರ 'ವಿನ್ಸ್‌ಬರೊ ಕಾಟನ್ ಮಿಲ್ ಬ್ಲೂಸ್' ಕೇಳಿ. 1979ರದ್ದು. ಸೌತ್ ಕ್ಯಾರೊಲಿನಾದ ವಿನ್ಸ್‌ಬರೊ ಊರಿನ ಬಟ್ಟೆ ಗಿರಣಿಯ ಕೆಲಸಗಾರರ ಹಳೆಯ ಹಾಡೊಂದು ಇದಕ್ಕೆ ಆಧಾರ. ಆದರೆ ಹಾಡು ಬೇಗ ಸಿಗುವುದಿಲ್ಲ. ಮೊದಲು ಕೇಳುವುದು ಯಂತ್ರ. ಪಿಯಾನೊದ ತೀರಾ ಮಂದ್ರದಲ್ಲಿ ಎರಡೂ ಕೈಗಳು ಒಂದೇ ಸಮನೆ ಬಡಿಯುತ್ತಾ ಹೋಗುತ್ತವೆ. ಸದ್ದು ಹೆಚ್ಚಿದಂತೆ ಬೆರಳು ಸಾಲದೆ ಅಂಗೈ, ಮುಂಗೈಗಳಿಂದಲೂ ಕೀಗಳನ್ನು ಒತ್ತುತ್ತಾರೆ. ಆ ಗದ್ದಲದ ನಡುವಿನಿಂದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಧಾಟಿ) ರಾಗ ನಿಧಾನವಾಗಿ ಮೇಲೆ ಬರುತ್ತದೆ. ದಿನವಿಡೀ ಮಗ್ಗದ ಮುಂದೆ ನಿಂತವರಿಗೆ ಆ ಸದ್ದು ಹೇಗೆ ಕೇಳಿಸಿರಬಹುದು ಎಂದು ಪುಸ್ತಕ ಓದಿ ನನಗೆ ಇಷ್ಟು ಗೊತ್ತಾಗಿರಲಿಲ್ಲ. ಜೆಫ್ಸ್ಕಿಯನ್ನು ಪೂರ್ತಿ ಮಿನಿಮಲಿಸ್ಟ್ ಎನ್ನಲಾಗದು, ನಿಜ. ಆದರೆ ಒಂದೇ ಸದ್ದನ್ನು ಯಾಕೆ ತಿರುತಿರುಗಿ ನುಡಿಸಬೇಕು ಎಂಬುದಕ್ಕೆ ಇಷ್ಟು ಬಲವಾದ ಕಾರಣ ಕೊಟ್ಟ ಪಿಯಾನೊ ಕೃತಿ ನನಗೆ ಬೇರೆ ಸಿಕ್ಕಿಲ್ಲ. ಈ ಕೃತಿ ಸೇರಿರುವ 'ನಾರ್ತ್ ಅಮೆರಿಕನ್ ಬ್ಯಾಲಡ್ಸ್' ಗುಚ್ಛದ ಇನ್ನೊಂದು ಕೃತಿಗೆ ಆಧಾರ, 1931ರಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯ ಕಲ್ಲಿದ್ದಲು ಕಾರ್ಮಿಕರ ಹೋರಾಟದಲ್ಲಿ ಫ್ಲಾರೆನ್ಸ್ ರೀಸ್ ಬರೆದ ಹಾಡು.

ಆಮೇಲೆ ಫಿಲಿಪ್ ಗ್ಲಾಸ್ ಅವರ 'ವಿಚಿಟಾ ವೊರ್ಟೆಕ್ಸ್ ಸೂತ್ರ'. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ 1966ರಲ್ಲಿ ಕವಿ ಅಲೆನ್ ಗಿನ್ಸ್‌ಬರ್ಗ್ ಅಮೆರಿಕದ ಕ್ಯಾನ್ಸಸ್ ರಾಜ್ಯ ಸುತ್ತುತ್ತಾ ಟೇಪ್ ರೆಕಾರ್ಡರ್‌ಗೆ ಹೇಳಿದ ಕವಿತೆಯ ಹೆಸರೇ ಅದು. ಯುದ್ಧ ಮುಗಿಯಿತು ಎಂದು ಕವಿಯೇ ಅದರಲ್ಲಿ ಘೋಷಿಸುತ್ತಾನೆ! 1988ರಲ್ಲಿ ಗ್ಲಾಸ್ ಅದಕ್ಕೆ ಪಿಯಾನೊ ಸೇರಿಸಿದರು. ಸಿಟ್ಟಿನ ಕವಿತೆಗೆ ಸಿಟ್ಟಿನ ಸಂಗೀತವಿಲ್ಲ. ಚರ್ಚಿನ ಪ್ರಾರ್ಥನಾ ಗೀತೆಯಂಥ ಸರಳ ಸ್ವರಮೇಳಗಳಿವೆ. ಕ್ಯಾನ್ಸಸ್‌ನ ಸಾಮಾನ್ಯ ಜನ ಭಾನುವಾರ ಹಾಡುವ ಧಾಟಿಯಲ್ಲೇ ಯುದ್ಧ ಬೇಡ ಎಂದಂತೆ ನನಗೆ ಕೇಳಿಸುತ್ತದೆ.

ಜಾನ್ ಆಡಮ್ಸ್ ಅವರ 'ಹಲ್ಲೆಲೂಯಾ ಜಂಕ್ಷನ್' (1996) ಎರಡು ಪಿಯಾನೊಗಳಿಗೆ ಬರೆದದ್ದು. ಕ್ಯಾಲಿಫೋರ್ನಿಯಾ-ನೆವಾಡಾ ಗಡಿ ಹತ್ತಿರ ಲಾರಿಗಳು ನಿಲ್ಲುವ ಒಂದು ಜಾಗದ ಹೆಸರು ಅದು. ತುಂಬಾ ಉಲ್ಲಾಸದ ಕೃತಿ, ಆದರೆ ನಿಮ್ಮ ಪ್ರಶ್ನೆಗೆ ಇದು ಮೂರನೆಯದಾಗಿ ಸಾಕು.

ಹಿಂದೂಸ್ತಾನಿ ಕೇಳುವ ಅಭ್ಯಾಸವಿದ್ದರೆ ಒಂದೇ ತುಣುಕು ನಿಧಾನವಾಗಿ ಬೆಳೆಯುವ ಈ ರೀತಿ ನಿಮಗೆ ಕಷ್ಟವಾಗಲಿಕ್ಕಿಲ್ಲ. ಮಿನಿಮಲಿಸಂ ಶುರು ಮಾಡಿದವರಲ್ಲಿ ಒಬ್ಬರಾದ ಟೆರ್ರಿ ರೈಲಿ 1970ರಿಂದ ಪಂಡಿತ್ ಪ್ರಾಣನಾಥರ ಶಿಷ್ಯರಾಗಿದ್ದವರು. ಪ್ರಾಣನಾಥರದ್ದು ಕಿರಾಣಾ ಘರಾಣೆ, ನಮ್ಮ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರದೇ ಘರಾಣೆ.

'ವಿಚಿಟಾ'ವನ್ನು ಗಿನ್ಸ್‌ಬರ್ಗ್ ಸ್ವತಃ ಓದಿರುವ ಧ್ವನಿಮುದ್ರಣವೂ ಇದೆ. ಮೊದಲು ಬರೀ ಪಿಯಾನೊ ಕೇಳಿ, ಆಮೇಲೆ ಅದನ್ನು ಹಾಕಿ.