ಅಟ್ಲಾಂಟಾದ ಹೋಟ್ಲಲ್ಲೂ ನುಚ್ಚು ಸಿಗುತ್ತೆ!

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ಅಮೆರಿಕದ ಅಟ್ಲಾಂಟಾಕ್ಕೆ ಮಗನ ಮನೆಗೆ ಹೊರಟಿದೀವಿ. ಅಲ್ಲಿ ಸಣ್ಣ ಹೋಟ್ಲಲ್ಲಿ ಬೆಳಗ್ಗೆ ತಿಂಡಿಗೆ ಗ್ರಿಟ್ಸ್, ಬಿಸ್ಕೆಟ್, ಗ್ರೇವಿ ಅಂತ ಕೊಡ್ತಾರಂತೆ. ನಾವು ಪೂರ್ತಿ ಸಸ್ಯಾಹಾರಿಗಳು, ಏನು ತಿನ್ಬೋದು?
- ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಕ್ಕಾ, ಮೊದ್ಲು ಗ್ರಿಟ್ಸ್ ವಿಷಯ ಹೇಳ್ತೀನಿ, ಯಾಕಂದ್ರೆ ಅದು ನಮ್ಮ ನುಚ್ಚೇ ರೀ. ನಾವು ಬಿಳಿಜೋಳ ಒಡೆಸಿದಂಗೆ ಅವರು ಮೆಕ್ಕೆಜೋಳ ಒಡೆಸಿ, ನೀರಲ್ಲೋ ಹಾಲಲ್ಲೋ ಕುದಿಸಿ, ಮೇಲೆ ಬೆಣ್ಣೆ ಹಾಕ್ತಾರೆ. ಅಲ್ಲಿನ ಮೂಲನಿವಾಸಿಗಳಿಂದ ಬಂದ ಅಡಿಗೆ ಇದು, 2002ರಲ್ಲಿ ಅಟ್ಲಾಂಟಾ ಇರೋ ಜಾರ್ಜಿಯಾ ರಾಜ್ಯ ಇದನ್ನ ತನ್ನ ಅಧಿಕೃತ ತಿನಿಸು ಅಂತಾನೇ ಮಾಡ್ಕೊಂಡಿತು. ಮಗಳ ಮನೆಗೆ ಹೋಗಿದ್ದಾಗ ನಾನು ತಿಂದಿದ್ದು ಹೈವೇ ಪಕ್ಕದ ಸಾದಾ ಹೋಟ್ಲಲ್ಲಿ, ಉದ್ದನೆ ಕಟ್ಟೆ, ಮುಂದೆ ಸ್ಟೂಲು, ಕಣ್ಣೆದುರೇ ಕಬ್ಬಿಣದ ಅಗಲ ಕಾವಲಿ, ನಮ್ಮೂರ ಬೆಣ್ಣೆದೋಸೆ ಹೋಟ್ಲಲ್ಲೇ ಕೂತಂಗಾಯ್ತು. ಬಟ್ಟಲಲ್ಲಿ ಬೆಳ್ಳಗಿನ ಗ್ರಿಟ್ಸ್, ನಡುವೆ ಬೆಣ್ಣೆ ಕರಗಿ ಹಳದಿ ಗುಂಡಿ, ಚಮಚ ಎಳೆದ ಗೆರೆ ನಿಧಾನಕ್ಕೆ ಮುಚ್ಕೊಳ್ತಿತ್ತು. ಬಾಯಿಗೆ ಸಪ್ಪೆ ಅನ್ಸುತ್ತೆ, ಅದಕ್ಕೇ ಶೇಂಗಾ ಚಟ್ನಿಪುಡಿ ಬ್ಯಾಗಲ್ಲಿ ಇಟ್ಕೊಂಡೇ ಹೋಗ್ರಿ, ಒಂದು ಚಮಚ ಉದುರಿಸಿದ್ರೆ ಬಟ್ಟಲು ಖಾಲಿ ಆಗಿದ್ದೇ ಗೊತ್ತಾಗಲ್ಲ.

ಬಿಸ್ಕೆಟ್ ಅಂದ್ರೆ ಚಹಾಕ್ಕೆ ಅದ್ದೋ ಬಿಸ್ಕೆಟ್ ಅಲ್ಲ, ಮೈದಾ, ಮಜ್ಜಿಗೆ, ಬೆಣ್ಣೆ ಹಾಕಿ ಬೇಯಿಸಿದ ಮೆತ್ತನೆ ಬನ್ನಿನಂಥದ್ದು, ಬಿಸಿ ಇರುವಾಗ ಬಿಡಿಸಿದ್ರೆ ಪದರ ಪದರ ಬರುತ್ತೆ, ಜಾಮ್ ಹಚ್ಕೊಂಡು ತಿನ್ರಿ. ಆದ್ರೆ ಕೆಲವು ಕಡೆ ಬೆಣ್ಣೆ ಬದ್ಲು ಲಾರ್ಡ್ ಹಾಕ್ತಾರೆ, ಲಾರ್ಡ್ ಅಂದ್ರೆ ಹಂದಿ ಕೊಬ್ಬು, ಕೇಳದೆ ಮುಟ್ಟಬೇಡಿ.

ಗ್ರೇವಿ ಬೇಡವೇ ಬೇಡ. ನೋಡೋಕೆ ಬೆಳ್ಳಗೆ ಹಾಲಿನ ಸಾಗು ಇದ್ದಂಗೆ ಇರುತ್ತೆ, ಆದ್ರೆ ಹಂದಿ ಮಾಂಸದ ಸಾಸೇಜ್ ಹುರಿದ ಕೊಬ್ಬಲ್ಲೇ ಮೈದಾ ಹುರಿದು ಹಾಲು ಹಾಕಿರ್ತಾರೆ. ಸೊಪ್ಪಿನ ಪಲ್ಯ ಅಂತ ಕೊಟ್ರೂ ಅದರಲ್ಲೂ ಹಂದಿ ಮಾಂಸ ಹಾಕಿ ಬೇಯಿಸೋ ರೂಢಿ ಇದೆ. ಹ್ಯಾಶ್ ಬ್ರೌನ್ ಅಂದ್ರೆ ಆಲೂಗಡ್ಡೆ ತುರಿದು ಗರಿಗರಿ ಹುರಿದಿದ್ದು, ರುಚಿ ಚೆನ್ನಾಗೇ ಇರುತ್ತೆ, ಆದ್ರೆ ಅದೇ ಕಾವಲಿ ಮೇಲೆ ಬೇಕನ್, ಅಂದ್ರೆ ಹಂದಿ ಮಾಂಸದ ತೆಳು ಸೀಳು, ಕೂಡ ಹುರೀತಾರೆ, ನೀವು ಅಷ್ಟು ಕಟ್ಟುನಿಟ್ಟು ಅಂದ್ರೆ ಅದನ್ನೂ ಬಿಟ್ಬಿಡಿ. ಕೇಳೋಕೆ ಸಂಕೋಚ ಬೇಡ ಅಕ್ಕಾ, "ನೋ ಮೀಟ್, ನೋ ಲಾರ್ಡ್" ಅಂದ್ರೆ ಸಾಕು, ನಮಗೆ ಬಡಿಸಿದಾಕೆ ಅಡಿಗೆಯವನ ಹತ್ರ ಕೇಳ್ಕೊಂಡು ಬಂದೇ ಹೇಳಿದ್ಲು.

ನನಗೆ ಬೇಜಾರಾಗೋದು ಏನಂದ್ರೆ, ನಮ್ಮ ದಾವಣಗೆರೆ ಸುತ್ತ ಎಲ್ಲಿ ನೋಡಿದ್ರೂ ಮೆಕ್ಕೆಜೋಳ, ಆದ್ರೆ ಲೋಡುಗಟ್ಲೆ ಕೋಳಿ ಫೀಡಿಗೆ ಕಳಿಸ್ತೀವಿ, ಮನೇಲಿ ಅದರ ನುಚ್ಚು ಮಾಡೋರೇ ಕಮ್ಮಿ. ಹೊರಡೋ ಮುಂಚೆ ಬೂಸ್ಟು ಹಿಡಿಯದ ಒಳ್ಳೆ ಕಾಳು ಆರಿಸಿ ಗಿರಣೀಲಿ ರವೆ ಥರ ಒಡೆಸ್ರಿ, ಹೊಟ್ಟು ಕೇರಿ ತೆಗೆದು, 1 ಲೋಟಕ್ಕೆ 4 ಲೋಟ ನೀರು, ಉಪ್ಪು ಹಾಕಿ ಸಣ್ಣ ಉರೀಲಿ ಮುಕ್ಕಾಲು ಗಂಟೆ ಬೇಯಿಸ್ರಿ. ಆಗಾಗ ತಿರುವ್ತಾ ಇರ್ಬೇಕು, ತಳ ಬೇಗ ಹಿಡಿಯುತ್ತೆ.