ಅರ್ಥಶಾಸ್ತ್ರದ ಡಿಗ್ರಿ: ಹಳೆ ಅಡಿಕೆ, ಬೂತಾಯಿ ಮೀನು ಮತ್ತು ನಿಮ್ಮ ಪ್ರಶ್ನೆಗಳು

ಪ್ಲಸ್ ಟು ಫಲಿತಾಂಶ ಬಂದ ದಿನದಿಂದ ಡಿಗ್ರಿ ಅರ್ಜಿಯ ಕೊನೇ ದಿನದವರೆಗೆ ನನಗೆ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಅವೇ. ಕಾಸರಗೋಡಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದ 27 ವರ್ಷಗಳಲ್ಲಿ ಎದುರಿಗೆ ಕೂತು ಉತ್ತರ ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲೂ ಹೇಳಿದ್ದೇನೆ. ಆದರೂ ಮಕ್ಕಳು ಯಾರೋ ಹೇಳಿದ್ದನ್ನು ನಂಬಿ ಸೇರುತ್ತಾರೆ. ಎರಡನೇ ಸೆಮಿಸ್ಟರಿಗೆ ಬರುವಾಗ ಕಣ್ಣಲ್ಲಿ ನೀರು. ಅದಕ್ಕೇ ಈ ಸಲ ಬರೆದೇ ಹೇಳುತ್ತೇನೆ. ಸೀಟು, ಅಲಾಟ್‌ಮೆಂಟ್, ಫೀಸಿನ ವಿಚಾರ ಮಾತ್ರ ನನ್ನನ್ನು ಕೇಳಬೇಡಿ. ಅದು ಕಾಲೇಜಿನ ಆಫೀಸಿನಲ್ಲಿ ಸಿಗುತ್ತದೆ.

ಪ್ರಶ್ನೆ: ಮಗಳಿಗೆ ಪ್ಲಸ್ ಟುವಿನಲ್ಲಿ ಒಳ್ಳೆ ಮಾರ್ಕಿದೆ. ಅರ್ಥಶಾಸ್ತ್ರ ಬಿ.ಎ. ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಮೂರು ನಾಲ್ಕು ವರ್ಷ ಅದರಲ್ಲಿ ಕಲಿಸುವುದಾದರೂ ಏನು? ಬೇಡಿಕೆ, ಪೂರೈಕೆ ನಮಗೂ ಗೊತ್ತಿದೆ. (ಬದಿಯಡ್ಕ ಕಡೆಯ ಒಬ್ಬ ತಂದೆ, ಅಡಿಕೆ ಕೃಷಿಕರು)

ನಿಮಗೆ ಗೊತ್ತಿದೆ ಅಂತೀರಿ. ಹಾಗಾದರೆ ನಿಮ್ಮ ಅಟ್ಟದಲ್ಲಿರುವ ಅಡಿಕೆಯಿಂದಲೇ ಶುರು ಮಾಡೋಣ.

ಕಿಲೋ ಅಡಿಕೆಗೆ ಇವತ್ತು 400 ರೂಪಾಯಿ ಎಂದಿಟ್ಟುಕೊಳ್ಳಿ. ಕ್ರಯ ಇನ್ನೂ ಏರಲಿ ಅಂತ ನೀವು ಕೊಡಲಿಲ್ಲ. ಒಂದು ವರ್ಷ ಬಿಟ್ಟು ಹಳೆ ಅಡಿಕೆ ಅಂತ 425ಕ್ಕೆ ಕೊಟ್ಟಿರಿ. ಕಿಲೋಗೆ 25 ರೂಪಾಯಿ ಲಾಭ ಅಂತ ಮನೆಯಲ್ಲಿ ಹೇಳಿದಿರಿ. ಮೊದಲ ಸೆಮಿಸ್ಟರ್ ಮುಗಿಸಿದ ನಿಮ್ಮ ಮಗಳು ಒಪ್ಪುವುದಿಲ್ಲ. ಆ 400 ರೂಪಾಯಿಯನ್ನು ಶೇಕಡಾ 8ರ ಬಡ್ಡಿಗೆ ಸೊಸೈಟಿಯಲ್ಲಿ ಇಟ್ಟಿದ್ದರೆ 432 ಆಗುತ್ತಿತ್ತು. ಅಂದರೆ ನಿಮಗೆ ಆದದ್ದು 7 ರೂಪಾಯಿ ನಷ್ಟ. ಅಡಿಕೆ ಒಣಗಿ ತೂಕ ಇಳಿದದ್ದು, ಹುಳ ಹಿಡಿದದ್ದು ಬೇರೆ. ಅದೇ ಹೊತ್ತಿಗೆ ನಿಮ್ಮ ಹೆಸರಲ್ಲಿ ಶೇಕಡಾ 11ರ ಸಾಲ ಇದ್ದಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಆ ಸಾಲ ತೀರಿಸದೆ ಕಿಲೋಗೆ 44 ರೂಪಾಯಿ ಬಡ್ಡಿ ಕಟ್ಟಿ, 25ಕ್ಕೆ ಖುಷಿಪಟ್ಟಿದ್ದೀರಿ. ಇದಕ್ಕೆ ಅವಕಾಶ ವೆಚ್ಚ ಅಂತ ಹೆಸರು. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಕೇಳಲು ಸುಲಭ. ಆದರೆ ಸ್ವಂತ ಜೀವನದಲ್ಲಿ ಆ ಲೆಕ್ಕ ಹಾಕುವವರನ್ನು ನಾನು ನೋಡಿದ್ದು ಕಡಿಮೆ.

ಬೇಡಿಕೆ, ಪೂರೈಕೆಯೂ ಹಾಗೇ. ಕ್ರಯ ಏರಿದರೆ ಪೂರೈಕೆ ಏರುತ್ತದೆ ಅನ್ನುವುದು ಒಂದು ಸಾಲು. ಎಷ್ಟು ಏರುತ್ತದೆ, ಎಷ್ಟು ದಿನದಲ್ಲಿ ಏರುತ್ತದೆ ಅನ್ನುವುದೇ ಪಾಠ. ಬೆಂಡೆಕಾಯಿಗೆ ಕ್ರಯ ಬಂದರೆ ಎರಡು ತಿಂಗಳಲ್ಲಿ ಹೊಸ ಬೆಂಡೆ ಸಂತೆಗೆ ಬರುತ್ತದೆ. ಅಡಿಕೆ ಸಸಿ ಇವತ್ತು ನೆಟ್ಟರೆ ಫಸಲಿಗೆ 5 ವರ್ಷವಾದರೂ ಬೇಕು. ಅಷ್ಟರಲ್ಲಿ ಗದ್ದೆ ಮುಚ್ಚಿ ನೆಟ್ಟ ಎಲ್ಲರ ಅಡಿಕೆಯೂ ಒಟ್ಟಿಗೆ ಬರುತ್ತದೆ. 1970ರ ದಶಕದ ಶುರುವಿನಲ್ಲಿ ಅಡಿಕೆ ಧಾರಣೆ ಕುಸಿದದ್ದನ್ನು ನಿಮ್ಮ ತಂದೆಯವರು ಹೇಳಿರಬಹುದು. ಆ ಸಂಕಟದಲ್ಲೇ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು. ಮಾರುವವರು ಸಾವಿರಾರು, ಕೊಳ್ಳುವವರು ಬೆರಳೆಣಿಕೆ ಇದ್ದಾಗ ಬೆಲೆ ಯಾರ ಕೈಲಿರುತ್ತದೆ? ಕೃಷಿಕರೇ ಸೇರಿ ಒಬ್ಬ ದೊಡ್ಡ ಖರೀದಿದಾರನನ್ನು ನಿಲ್ಲಿಸಿದರೆ ಏನು ಬದಲಾಗುತ್ತದೆ? ಮಾರುಕಟ್ಟೆಯ ಬಗೆಗಳು ಅನ್ನುವ ಪಾಠದಲ್ಲಿ ಇರುವುದು ಇದು. ಗೈಡು ಓದಿದವರಿಗೆ ಅಲ್ಲಿ ನಾಲ್ಕು ವ್ಯಾಖ್ಯೆ ಮಾತ್ರ ಸಿಗುತ್ತದೆ.

ಈಗ ನನಗೆ ತುಂಬ ಇಷ್ಟದ ಒಂದು ವಿಷಯ ಹೇಳುತ್ತೇನೆ. ಇದು ನಮ್ಮ ಕರಾವಳಿಯದ್ದೇ.

1997ರ ಜನವರಿ 14ರ ಬೆಳಿಗ್ಗೆ ಕೋಝಿಕೋಡ್ ಜಿಲ್ಲೆಯ ವಡಗರದ ಕಡಲ ತೀರದಲ್ಲಿ 11 ದೋಣಿಗಳವರು ಹಿಡಿದು ತಂದ ಬೂತಾಯಿ ಮೀನನ್ನು ಕೊಳ್ಳುವವರಿಲ್ಲದೆ ಚೆಲ್ಲಬೇಕಾಯಿತು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಬೇರೆ ತೀರಗಳಲ್ಲಿ ಮೀನು ಕೊಳ್ಳಲು ಬಂದ 27 ಮಂದಿ ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು. ಇಬ್ಬರಿಗೂ ಗೊತ್ತಿರಲಿಲ್ಲ ಅಷ್ಟೇ. ಸಮುದ್ರದಲ್ಲಿರುವವನಿಗೆ ಯಾವ ತೀರದಲ್ಲಿ ಕ್ರಯ ಇದೆ ಅಂತ ಹೇಳುವವರು ಯಾರು? ಎಲ್ಲರೂ ತಮ್ಮ ಊರಿನ ತೀರಕ್ಕೇ ಬರುತ್ತಿದ್ದರು. ಆಮೇಲೆ ಮೊಬೈಲ್ ಬಂತು. ಟವರಿನ ಸಿಗ್ನಲ್ ಕಡಲಿನ ಮೇಲೂ 20-25 ಕಿಲೋಮೀಟರ್ ಸಿಗುತ್ತಿತ್ತು. ದೋಣಿಯಿಂದಲೇ ಫೋನ್ ಮಾಡಿ ಕೇಳಿ, ಕ್ರಯ ಇರುವ ತೀರಕ್ಕೆ ಹೋಗತೊಡಗಿದರು.

ರಾಬರ್ಟ್ ಜೆನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಕೋಝಿಕೋಡ್, ಕಣ್ಣೂರು, ಕಾಸರಗೋಡು ಜಿಲ್ಲೆಗಳ 15 ತೀರಗಳಲ್ಲಿ 300 ದೋಣಿಗಳ ಲೆಕ್ಕವನ್ನು 1996ರಿಂದ 2001ರವರೆಗೆ ವಾರ ವಾರವೂ ತೆಗೆಸಿದರು. 2007ರಲ್ಲಿ ಪ್ರಕಟಿಸಿದರು. ಚೆಲ್ಲುವ ಮೀನು ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಮೀನುಗಾರರ ಲಾಭ ಶೇಕಡಾ 8ರಷ್ಟು ಏರಿತು. ಮೀನು ಕೊಳ್ಳುವವರಿಗೆ ಬೆಲೆ ಶೇಕಡಾ 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೆ ಒಳ್ಳೆಯದಾಗುವುದು ಹೇಗೆ ಅಂತ ಕೇಳಿದರೆ, ವ್ಯರ್ಥವಾಗಿ ಹೋಗುತ್ತಿದ್ದದ್ದು ಉಳಿಯಿತು, ಅದರಿಂದ.

ಆದರೆ ನಿಮ್ಮ ಮಗಳು ಕಲಿಯಬೇಕಾದ ದೊಡ್ಡ ಸಂಗತಿ ಇದಲ್ಲ. ಇದು ಮೊಬೈಲಿನಿಂದಲೇ ಆದದ್ದು ಅಂತ ಹೇಗೆ ಹೇಳುತ್ತೀರಿ? ಆ ವರ್ಷ ಮೀನೇ ಜಾಸ್ತಿ ಸಿಕ್ಕಿರಬಹುದು. ರಸ್ತೆ ಒಳ್ಳೆಯದಾಗಿರಬಹುದು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿದೆ. ಮೊಬೈಲ್ ಮೊದಲು ಕೋಝಿಕೋಡಿಗೆ ಬಂತು, ಆಮೇಲೆ ಕಣ್ಣೂರಿಗೆ, ಕೊನೆಗೆ 2000ದಲ್ಲಿ ಕಾಸರಗೋಡಿಗೆ. ತೀರದಿಂದ ತೀರಕ್ಕೆ ಬೆಲೆಯ ವ್ಯತ್ಯಾಸ ಕಡಿಮೆಯಾದದ್ದೂ ಅದೇ ಕ್ರಮದಲ್ಲಿ, ಒಂದೊಂದು ಕಡೆ ಮೊಬೈಲ್ ಬಂದ ಬೆನ್ನಿಗೆ. ಕೋಝಿಕೋಡಿನಲ್ಲಿ ಬದಲಾದಾಗ ಇಲ್ಲಿ ಬದಲಾಗಿರಲಿಲ್ಲ. ನಾವು ಹೋಲಿಕೆಗೆ ಸಿಕ್ಕೆವು. ಒಂದರ ಹಿಂದೆ ಒಂದು ಆಯಿತು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅಂತಲ್ಲ ಅನ್ನುವುದನ್ನು ಅಂಕಿಯಲ್ಲಿ ತೋರಿಸುವ ವಿದ್ಯೆ ಇದು. ಸಂಖ್ಯಾಶಾಸ್ತ್ರ, ಇಕನಾಮೆಟ್ರಿಕ್ಸ್ ಅನ್ನುವ ಪೇಪರುಗಳು ಇರುವುದು ಇದಕ್ಕೇ. ಮಕ್ಕಳು ಅವನ್ನು ಪಾಸಾದರೆ ಸಾಕು ಅಂತ ಓದುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಇಡೀ ಡಿಗ್ರಿಯಲ್ಲಿ ಬೇರೆಯವರ ಬಳಿ ಇಲ್ಲದ್ದು ಇದೊಂದೇ.

ಇನ್ನೊಂದು ಉದಾಹರಣೆಯನ್ನು ನಾನು ಪಾಠ ಮಾಡುವಾಗ ದನಿ ತಗ್ಗಿಸಿಯೇ ಹೇಳುತ್ತಿದ್ದೆ. ಯಾಕೆಂದರೆ ಕ್ಲಾಸಿನಲ್ಲಿ ಎಣ್ಮಕಜೆಯ ಮಕ್ಕಳಿರುತ್ತಿದ್ದರು. ಅಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ವರ್ಷಗಳಲ್ಲಿ ತೋಟದ ಲೆಕ್ಕಪುಸ್ತಕದಲ್ಲಿ ಔಷಧಿಯ ಖರ್ಚಿತ್ತು, ಹೆಲಿಕಾಪ್ಟರಿನ ಬಾಡಿಗೆ ಇತ್ತು. ಅಲ್ಲೇ ಪಕ್ಕದ ಪಡ್ರೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳ ಕಷ್ಟ ಅದರಲ್ಲಿರಲಿಲ್ಲ. ಒಬ್ಬರ ವ್ಯವಹಾರದ ಖರ್ಚನ್ನು ಅದರಲ್ಲಿ ಪಾಲೇ ಇಲ್ಲದ ಇನ್ನೊಬ್ಬರು ಹೊತ್ತರೆ ಅದನ್ನು ಬಾಹ್ಯ ಪರಿಣಾಮ ಅನ್ನುತ್ತಾರೆ. ಅಂಥ ಕಡೆ ಮಾರುಕಟ್ಟೆ ತೋರಿಸುವ ಬೆಲೆಯೇ ತಪ್ಪು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿದ್ದು 2017ರಲ್ಲಿ. ಮಾರುಕಟ್ಟೆಗೆ ಬಿಟ್ಟರೆ ಎಲ್ಲ ಸರಿಯಾಗುತ್ತದೆ ಅಂತ ಅರ್ಥಶಾಸ್ತ್ರ ಹೇಳುತ್ತದೆ ಅಂತ ಯಾರಾದರೂ ಅಂದರೆ, ಅವರು ಎರಡನೇ ವರ್ಷದ ಪುಸ್ತಕ ತೆರೆದಿಲ್ಲ ಅಂತಲೇ ಅರ್ಥ.

ಉಳಿದದ್ದು ಬೇಗ ಹೇಳುತ್ತೇನೆ. ದೇಶದ ಆದಾಯ ಅಳೆಯುವುದು, ಹಣದುಬ್ಬರ, ನಿರುದ್ಯೋಗ, ರಿಸರ್ವ್ ಬ್ಯಾಂಕಿನ ರೆಪೊ ದರ, ಸರಕಾರದ ಬಜೆಟ್ಟು, ಇವೆಲ್ಲ ಮ್ಯಾಕ್ರೋ. 1991ರ ಬದಲಾವಣೆ, ಜಿಎಸ್‌ಟಿ, ಕೃಷಿ, ಬಡತನ, ಇವು ಭಾರತದ ಅರ್ಥವ್ಯವಸ್ಥೆ. ಭೂಸುಧಾರಣೆ, ಗಲ್ಫ್ ಹಣ, ಇವು ಕೇರಳದ್ದು. ಜೊತೆಗೆ ವಿದೇಶ ವ್ಯಾಪಾರ, ಸಾರ್ವಜನಿಕ ಹಣಕಾಸು, ಆಡಂ ಸ್ಮಿತ್‌ನಿಂದ ಕೇನ್ಸ್‌ವರೆಗಿನ ಚಿಂತನೆಯ ಚರಿತ್ರೆ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ. ಮೂರು ವರ್ಷಕ್ಕೂ ಡಿಗ್ರಿ ತೆಗೆದುಕೊಂಡು ಹೊರಬರಬಹುದು. ಮುಂದೆ ಎಂ.ಎ., ಸಂಶೋಧನೆ ಅಂತ ಮನಸ್ಸಿದ್ದರೆ ನಾಲ್ಕನೇ ವರ್ಷ ಬಿಡಬೇಡಿ.

ಮಗಳು ಹಟ ಹಿಡಿದದ್ದು ಒಳ್ಳೆಯದೇ ಆಯಿತು. ಸಾಯನ್ಸ್ ಸಿಗದವರಿಗೆ ಆರ್ಟ್ಸ್ ಅನ್ನುವ ಮಾತನ್ನು ದಯವಿಟ್ಟು ಅವಳ ಎದುರು ಆಡಬೇಡಿ.

ಪ್ರಶ್ನೆ: ಗಣಿತ ಬೇಡ ಅಂತಲೇ ಹ್ಯುಮಾನಿಟೀಸ್ ತಗೊಂಡಿದ್ದೆ. ಅರ್ಥಶಾಸ್ತ್ರದಲ್ಲಿ ಗಣಿತ ಇದೆಯಾ?

ಇದೆ. ಇಲ್ಲ ಅಂತ ಹೇಳಿ ಸೇರಿಸುವವರು ನಿಮಗೆ ಮೋಸ ಮಾಡುತ್ತಿದ್ದಾರೆ. ಕಲಿಯಲು ಆಗದಷ್ಟೇನೂ ಇಲ್ಲ. ಹನ್ನೊಂದನೇ ಕ್ಲಾಸಿನ ಗಣಿತ ಪುಸ್ತಕ ಯಾರಿಂದಾದರೂ ತನ್ನಿ. ಫಂಕ್ಷನ್, ಸರಳ ರೇಖೆ, ಲಿಮಿಟ್ ಮತ್ತು ಡೆರಿವೇಟಿವ್, ಈ ಮೂರು ಪಾಠ ಕ್ಲಾಸು ಶುರುವಾಗುವ ಮೊದಲು ಮಾಡಿ ಮುಗಿಸಿ. ಬರೀ ಓದಿದರೆ ಸಾಲದು, ಲೆಕ್ಕ ಬಿಡಿಸಬೇಕು. ಸೀಮಾಂತ (ಇನ್ನೊಂದು ಹೆಚ್ಚಾದರೆ ಎಷ್ಟು ಬದಲಾಗುತ್ತದೆ ಅನ್ನುವುದು) ಅನ್ನುವ ಪದ ಎಲ್ಲೇ ಬಂದರೂ ಅದರ ಹಿಂದೆ ಡೆರಿವೇಟಿವ್ ಇರುತ್ತದೆ.

ಪ್ರಶ್ನೆ: ಹತ್ತರವರೆಗೆ ಕನ್ನಡ ಮೀಡಿಯಂ. ಕಾಲೇಜಲ್ಲಿ ಪುಸ್ತಕ ಇಂಗ್ಲಿಷು, ವಿವರಣೆ ಮಲಯಾಳ. ನನ್ನಿಂದ ಆಗುತ್ತದಾ?

ಆಗುತ್ತದೆ. ಈ ಕಷ್ಟ ನಮ್ಮ ಮಕ್ಕಳಿಗೆ ಮಾತ್ರ ಇರುವಂಥದ್ದು. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ, ಅದಕ್ಕೆ ನನಗೆ ಬೇಜಾರಿದೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಕನ್ನಡದಲ್ಲಿ ಬೇಡಿಕೆ, ಮಲಯಾಳದಲ್ಲಿ ಚೋದನಂ, ಇಂಗ್ಲಿಷಿನಲ್ಲಿ ಡಿಮ್ಯಾಂಡ್. ಪೂರೈಕೆ, ಪ್ರದಾನಂ, ಸಪ್ಲೈ. ಹಣದುಬ್ಬರ, ಪಣಪ್ಪೆರುಪ್ಪಂ, ಇನ್‌ಫ್ಲೇಶನ್. ಚೋದನಂ ಅಂದಾಗ ಪ್ರಚೋದನೆಯ ವಿಷಯ ಅಂದುಕೊಂಡು ಒಂದು ವಾರ ಸುಮ್ನೆ ಕೂತಿದ್ದ ಹುಡುಗಿಯೊಬ್ಬಳು ನನ್ನ ಕ್ಲಾಸಿನಲ್ಲಿದ್ದಳು. ಕೈ ಎತ್ತಿ ಕೇಳಿದ್ದರೆ ಒಂದು ನಿಮಿಷದ ಕೆಲಸ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಿ. ಅರ್ಥವಾಗದ ಇಂಗ್ಲಿಷನ್ನು ಬಾಯಿಪಾಠ ಮಾಡುವುದು ಬೇಡವೇ ಬೇಡ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೊಟ್ಟರೆ ಪೆನ್ನು ನಿಂತುಬಿಡುತ್ತದೆ.

ಪ್ರಶ್ನೆ: ಶೇರು ಮಾರ್ಕೆಟಿನಲ್ಲಿ ದುಡ್ಡು ಮಾಡುವುದನ್ನು ಕಲಿಸುತ್ತಾರಾ?

ಇಲ್ಲ. ಟೆಲಿಗ್ರಾಂ ಗುಂಪಿನಲ್ಲಿ ಟಿಪ್ಸ್ ಕೊಡುವವನೂ ಕಲಿಸುವುದಿಲ್ಲ. ತಿಂಗಳಿಗೆ ಶೇಕಡಾ 5 ಖಂಡಿತ ಅನ್ನುವವನು ನಿಮ್ಮ ಅಸಲನ್ನು ನೋಡುತ್ತಿದ್ದಾನೆ. ಗಲ್ಫಿನಲ್ಲಿ ದುಡಿದು ತಂದದ್ದನ್ನು ಇಂಥವರ ಕೈಗೆ ಕೊಟ್ಟು ಕಳೆದುಕೊಂಡ ಮನೆಗಳು ಈ ಜಿಲ್ಲೆಯಲ್ಲಿ ಸಾಕಷ್ಟಿವೆ.

ಪ್ರಶ್ನೆ: ಸರಕಾರ ನೋಟು ಅಚ್ಚು ಹಾಕಿ ಎಲ್ಲರಿಗೂ ಹಂಚಬಾರದಾ?

ಮೀನು ಅಷ್ಟೇ ಇದ್ದು ಎಲ್ಲರ ಕೈಯಲ್ಲೂ ನೋಟು ಎರಡು ಪಟ್ಟಾದರೆ ಮೀನಿನ ಬೆಲೆ ಏನಾಗುತ್ತದೆ? 1923ರಲ್ಲಿ ಜರ್ಮನಿ, 2008ರಲ್ಲಿ ಜಿಂಬಾಬ್ವೆ ಮಾಡಿ ನೋಡಿವೆ.

ಪ್ರಶ್ನೆ: ಹಣದುಬ್ಬರ ಇಳಿಯಿತು ಅಂತ ಪೇಪರಲ್ಲಿ ಬರುತ್ತದೆ, ಅಂಗಡಿಯಲ್ಲಿ ಬೆಲೆ ಇಳಿಯುವುದಿಲ್ಲ. ಸುಳ್ಳಲ್ವಾ?

ಸುಳ್ಳಲ್ಲ. 100 ರೂಪಾಯಿಯ ಸಾಮಾನು ಹೋದ ವರ್ಷ 106 ಆಯಿತು, ಈ ವರ್ಷ 110 ಚಿಲ್ಲರೆ. ಏರುವ ವೇಗ ಶೇಕಡಾ 6ರಿಂದ 4ಕ್ಕೆ ಇಳಿಯಿತು. ಬೆಲೆ ಏರುತ್ತಲೇ ಇದೆ.

ಪ್ರಶ್ನೆ: ಬಿ.ಎ. ಆದ ಕೂಡಲೇ ರಿಸರ್ವ್ ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞೆ ಆಗಬಹುದು ಅಂತ ಕೋಚಿಂಗಿನವರು ಹೇಳಿದರು. ಹೌದಾ?

ಅಲ್ಲ. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಹುದ್ದೆಗೂ, ಯುಪಿಎಸ್‌ಸಿ ನಡೆಸುವ ಇಂಡಿಯನ್ ಇಕನಾಮಿಕ್ ಸರ್ವಿಸ್ ಪರೀಕ್ಷೆಗೂ ಸ್ನಾತಕೋತ್ತರ ಪದವಿ ಬೇಕು. ಅಧಿಸೂಚನೆಯನ್ನು ನೀವೇ ತೆರೆದು ಓದಿ, ಆಮೇಲೆ ಫೀಸು ಕಟ್ಟಿ. ಎಂ.ಎ.ಗೆ ತುಂಬ ದೂರ ಹೋಗಬೇಕಾಗಿಲ್ಲ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ.

ಪ್ರಶ್ನೆ: ಕ್ಲಾಸು ಶುರುವಾಗಲು ಇನ್ನೂ ಒಂದು ತಿಂಗಳಿದೆ. ಏನು ಓದಲಿ?

ಗಣಿತ ಹೇಳಿ ಆಯಿತು. ಅದರ ಜೊತೆ ಒಂದು ಕೆಲಸ ಮಾಡಿ. ಎರಡು ಊರು ಆರಿಸಿಕೊಳ್ಳಿ, ಉಪ್ಪಳ ಮತ್ತು ಕುಂಬಳೆ ಅಂತಿಟ್ಟುಕೊಳ್ಳಿ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಎರಡೂ ಕಡೆ ಒಂದು ಕಿಲೋ ಬೂತಾಯಿಗೆ ಎಷ್ಟು, ತೆಂಗಿನಕಾಯಿಗೆ ಎಷ್ಟು ಅಂತ ವಿಚಾರಿಸಿ ಬರೆಯಿರಿ. ತಾರೀಕು, ಊರು, ಕ್ರಯ. ಇನ್ನೊಂದು ಊರಿನದ್ದಕ್ಕೆ ಫೋನ್ ಮಾಡಿದರೂ ಸಾಕು. ಕೇಳಲು ಆಗದ ದಿನ ಅಂದಾಜಿಗೆ ತುಂಬಬೇಡಿ, ಖಾಲಿ ಬಿಡಿ. ಆ ಪುಸ್ತಕವನ್ನು ಮೊದಲ ದಿನ ಕ್ಲಾಸಿಗೆ ತೆಗೆದುಕೊಂಡು ಹೋಗಿ.