ಅಮ್ಮ ನೆನೆಸಿಕೊಂಡ ಆ ಹದಿನೈದು ದಿನ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಪ್ಪತ್ತಾರರ ಹುಡುಗ, ಮೊಬೈಲ್ ರಿಪೇರಿ ಅಂಗಡಿ. ಎರಡು ತಿಂಗಳಿಂದ ಷಟರ್ ಎತ್ತಿಲ್ಲ, ಊಟ ಸೇರುತ್ತಿಲ್ಲ. ಖಿನ್ನತೆ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು. "ಇವತ್ತೇ ಮಾತ್ರೆ ಶುರು ಮಾಡ್ಸಿ ಮೇಡಂ" ಅಂತ ಅಮ್ಮನ ಒತ್ತಾಯ.

ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರಿಗಿಂತ ಮುಂಚೆ ನರ್ಸ್ ಕೂತು ವಿಚಾರಿಸುತ್ತಾರೆ. ಬಿಪಿ, ಥೈರಾಯ್ಡ್, ಕುಡಿತ, ಬೇರೆ ಮಾತ್ರೆ. ನೋವಿಗೆ ಟ್ರಮಡಾಲ್ ನುಂಗುತ್ತಿದ್ದರೆ ಹೇಳಲೇಬೇಕು, ಖಿನ್ನತೆ ಮಾತ್ರೆ ಜೊತೆ ಸೇರಿದರೆ ಫಿಟ್ಸ್ ಬರಬಹುದು. ಸಾಯುವ ಯೋಚನೆ ಬರುತ್ತಾ ಅಂತಲೂ ನೇರವಾಗಿ ಕೇಳುತ್ತಾರೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಮ್ನೆ ಭಯ. ಈ ಹುಡುಗ ಇಲ್ಲ ಎಂದ.

ಆಮೇಲೆ ಸಿಸ್ಟರ್ ಕೇಳಿದರು: "ನಿದ್ದೆ ಇಲ್ದಿದ್ರೂ ಸುಸ್ತೇ ಆಗದೆ, ಭಾರಿ ಹುರುಪಲ್ಲಿ ಓಡಾಡಿದ್ದು ಯಾವಾಗಾದ್ರೂ ಇತ್ತಾ?"

ಹುಡುಗ ಸುಮ್ಮನಿದ್ದ. ಅಮ್ಮನ ಮುಖ ಅರಳಿತು.

"ಹೋದ ದಸರಾ ಟೈಮಲ್ಲಿ ನೋಡ್ಬೇಕಿತ್ತು ಸಿಸ್ಟರ್! ರಾತ್ರಿಯೆಲ್ಲ ಅಂಗಡೀಲೇ. ಇನ್ನೆರಡು ಅಂಗಡಿ ಹಾಕ್ತೀನಿ ಅಂತ ಸಾಲ ಮಾಡಿ ಅಡ್ವಾನ್ಸ್ ಕೊಟ್ಟು ಬಂದ. ಬಾಯಿಗೆ ಬಿಡುವೇ ಇರ್ಲಿಲ್ಲ. ಹದಿನೈದು ದಿನ ಹಂಗೇ ಇದ್ದ. ಆ ಮಗ ವಾಪಸ್ ಬಂದ್ರೆ ಸಾಕು ನಂಗೆ."

ಹುಡುಗ ತಲೆ ತಗ್ಗಿಸಿದ. ಆ ಸಾಲ ಇನ್ನೂ ತೀರಿರಲಿಲ್ಲ.

ಅಮ್ಮ ಬೇಕೆಂದ ಆ ಮಗನೂ ಕಾಯಿಲೆಯಲ್ಲೇ ಇದ್ದಿರಬಹುದು. ಇಂಥ ಉನ್ಮಾದ ಒಮ್ಮೆ ಬಂದು ಹೋಗಿದ್ದರೆ ಅದು ಬೈಪೋಲಾರ್, ಅಂದರೆ ಉನ್ಮಾದವೂ ಖಿನ್ನತೆಯೂ ಬಂದು ಹೋಗುವ ಕಾಯಿಲೆ, ಆಗಿರಬಹುದು. ಅಂಥವರಿಗೆ ಖಿನ್ನತೆ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಮರುಕಳಿಸುವ ಅಪಾಯವಿದೆ. ಡಾಕ್ಟರ್ ಅವತ್ತು ಮಾತ್ರೆ ಬರೆಯದೆ, ಮಾರನೇ ದಿನಕ್ಕೇ ಮನೋವೈದ್ಯರ ಹತ್ತಿರ ಕಳಿಸಿದರು.

ಅಮ್ಮನಿಗೆ ಸಿಟ್ಟು ಬಂತು. "ಇಷ್ಟು ನರಳ್ತಾ ಇರೋನ್ನ ಬರಿಗೈಲಿ ಕಳಿಸ್ತೀರಾ?" ನಾನು ಡಾಕ್ಟರ್ ಮಾತಿಗೇ ನಿಂತೆ, ಈಗಲೂ ನಿಲ್ಲುತ್ತೇನೆ. ನಾನು ಮಾತ್ರೆಯ ವಿರೋಧಿಯಲ್ಲ, ಅದರಿಂದ ಎದ್ದು ನಿಂತವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಖಿನ್ನತೆ ಮಾತ್ರೆಯ ಗುಣ ಕಾಣೋಕೇ ಎರಡರಿಂದ ನಾಲ್ಕು ವಾರ ಬೇಕು. ಒಂದು ದಿನ ತಡವಾದರೆ ಕಳೆದುಕೊಳ್ಳುವುದು ಕಮ್ಮಿ, ತಪ್ಪು ಮಾತ್ರೆ ಶುರುವಾದರೆ ಜಾಸ್ತಿ, ಅಲ್ವಾ?

ಅವತ್ತು ಹೇಳಿ ಕಳಿಸಿದ್ದು ಇಷ್ಟು: ರಾತ್ರಿ ಅವನನ್ನು ಒಬ್ಬನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಗದ್ದೆಯ ಔಷಧಿ ಬೀಗ ಹಾಕಿಡಿ. ತೊಂದರೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಾಳೆ ಅವನ ಜೊತೆ ನೀವೇ ಹೋಗಿ, ದಸರಾ ವಿಷಯ ಮೊದಲು ಹೇಳಿ. ಅವನ ಬಾಯಲ್ಲಿ ಅದು ಬರಲ್ಲ.